ಏಳಡಿ ಹನ್ನೊಂದು

ಹತ್ತೂವರೆ ಅಡಿಯ ಹಲಗೆಯನ್ನು
ನನ್ನ ಶೆಡ್ಡಿನ ಗೋಡೆಗೆ ಒರಗಿಸಿ
ಇಸೊಲೀನಾ ಅಂದಳು:
"ಇದು ಟ್ರುಹಿಯೋ ಬಸ್ಸು.
ತಿರುಗಬೇಕಾದರೆ ಸರ್ಕಲ್ ಬರಬೇಕು, ಪೊಲೀಸಿನವ ಕೈ ತೋರಿಸಬೇಕು.
ಅಷ್ಟರಲ್ಲಿ ಅಲೆ ಮುಗಿದಿರುತ್ತದೆ."

ಐವತ್ತೆರಡು ಅವಳಿಗೆ. ಹುವಾಂಚಾಕೋದ ಮೀನು ಮಾರುಕಟ್ಟೆಯಲ್ಲಿ
ತಕ್ಕಡಿ ಹಿಡಿಯುವವಳು.
ಎಡ ಮೊಣಕಾಲು ಮಡಚುವುದಿಲ್ಲ.
ಬೋರಲು ಮಲಗಿ ಈಜಿ, ಛಂಗನೆ ಎದ್ದು ನಿಲ್ಲುವ
ಹುಡುಗರ ಕಸರತ್ತು ಅವಳಿಗೆ ಹೇಳಿದ್ದಲ್ಲ.
ಅದಕ್ಕೇ ಕೈಯಲ್ಲಿ ಹುಟ್ಟು.
ನಿಂತೇ ಹೋಗುವುದು, ನಿಂತೇ ಅಲೆ ಹತ್ತುವುದು.
"ಬೆಳಗಿನ ನಾಲ್ಕರಿಂದ ನಿಂತೇ ಇರುತ್ತೇನೆ,
ನಿಲ್ಲುವುದು ಗೊತ್ತು. ತಿರುಗುವಂಥದ್ದು ಮಾಡಿಕೊಡು."

ಕಾಗದದ ಮೇಲೆ ಸಲೀಸು.
ಉದ್ದ ಕತ್ತರಿಸಿದೆಯೋ, ತೇಲುವ ಕಸುವು ಹೋಯಿತು.
ಅದನ್ನು ದಪ್ಪದಲ್ಲಿ ತುಂಬಿದೆಯೋ,
ಅಂಚು ಅಲೆಯ ಗೋಡೆಯನ್ನು ಕಚ್ಚುವುದಿಲ್ಲ.
ಮೂತಿ ಎತ್ತಿದರೆ ತೆವಳುತ್ತದೆ,
ತಗ್ಗಿಸಿದರೆ ಮುಗ್ಗರಿಸುತ್ತದೆ.
ಎತ್ತು ಏರಿಗೆ, ಕೋಣ ನೀರಿಗೆ.
ಎಂಬತ್ತೊಂದು ಕಿಲೋ ಅವಳು
(ತಾನೇ ತೂಗಿಕೊಂಡು, ಒಂದು ಗ್ರಾಂ ಕದಿಯದೆ ಹೇಳಿದ್ದಳು)
ಎಷ್ಟು ಲೀಟರ್ ಫೋಮಿನ ಮೇಲೆ ನಿಲ್ಲಬಲ್ಲಳು?

ಮೊದಲನೆಯದು ಎಂಟಡಿ ಆರು, ಚೂಪು ಮೂತಿ.
ಮೊದಲ ಅಲೆಗೇ ನೆಟ್ಟಗೆ ಮರಳಿಗೆ ನಾಟಿತು, ಭರ್ಜಿಯ ಹಾಗೆ.
ಎರಡನೆಯದು ಏಳಡಿ ನಾಲ್ಕು, ತೊಂಬತ್ತೇ ಲೀಟರು.
ಮೊಣಕಾಲುದ್ದ ನೀರಿನಲ್ಲಿ, ಹಲಗೆ ಎಲ್ಲೋ ಕೆಳಗೆ,
ಹುಟ್ಟು ಊರಿಕೊಂಡು ನಿಂತಿದ್ದಳು ಇಸೊಲೀನಾ,
ಬಾರದ ಬಸ್ಸಿಗೆ ಕಾದವಳಂತೆ.
ದೋಣಿಗಟ್ಟೆಯ ಮೇಲಿನ ಪೆಲಿಕನ್ನುಗಳು ಸಹ
ಕತ್ತು ತಿರುಗಿಸಿ ನೋಡಿದವು.

ರೆಸಿನ್ನಿನ ಅಂಗಡಿಯವನು ಸಾಲ ನಿಲ್ಲಿಸಿದ.
ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ.

ಆ ವಾರ ಹಗ್ಗ ಕೇಳಲು ಬಂದ ಮುದುಕ ಎವರಿಸ್ತೋ
ಗೂಟದ ಮೇಲಿದ್ದ ಫೋಮನ್ನು
ಹಸುವಿನ ಗಬ್ಬ ನೋಡುವವನಂತೆ ಸವರಿದ.
ತೊತೋರಾ ಜೊಂಡು ಕಟ್ಟಿ ಕುದುರೆ ಮಾಡುವವ;
ಅದರ ಮೇಲೆ ಕೂತು, ಸೀಳಿದ ಬಿದಿರಿನಿಂದ ಮೀಟುತ್ತ,
ಮೀನು ಹಿಡಿದು ಅಲೆಯೇರಿ ಮನೆಗೆ ಬರುವವ.
"ಎರಡು ತಾಯಿ ಹೊರೆ, ಎರಡು ಮಗು ಹೊರೆ,
ನನ್ನ ಕುದುರೆಗೆ. ಇದರಲ್ಲಿ ತಾಯಿ ಎಲ್ಲಿ, ಹುಡುಗಿ?
ಭಾರ ಇರುವಲ್ಲಿ ತಾಯಿ ಇರಬೇಕು."
ಬಾಗಿಲವರೆಗೆ ಹೋಗಿ ತಿರುಗಿ ಅಂದ:
"ನನ್ನದು ತಿಂಗಳಲ್ಲಿ ನೀರು ಕುಡಿದು ಸಾಯುತ್ತದೆ.
ಹೊಸದು ಕಟ್ಟುವಾಗ ಹಳೆಯ ತಪ್ಪು ತಿದ್ದುತ್ತೇನೆ.
ನಿನ್ನದು ನೂರು ವರ್ಷ ತಪ್ಪು ಹೊತ್ತುಕೊಂಡು ಬಿದ್ದಿರುತ್ತದೆ."
ಹಗ್ಗ ಮರೆತು ಹೋದ.

ರಾತ್ರಿ ಪಕ್ಕದ ಟ್ಯೂಬ್‌ಲೈಟು ಮಾತ್ರ ಉರಿಸಿದೆ.
ಅಡ್ಡ ಬೆಳಕಿನಲ್ಲಿ ಹಲಗೆ ತನ್ನ ಉಬ್ಬುತಗ್ಗುಗಳನ್ನು
ನೆರಳಾಗಿ ಒಪ್ಪಿಕೊಳ್ಳುತ್ತದೆ.
ಕೀಸುಳಿ ಹಿಡಿದು ಮೂತಿಯನ್ನು ಮೊಂಡು ಮಾಡಿದೆ,
ಅಗಲವನ್ನೆಲ್ಲ ಎಳೆದು ಅವಳ ಪಾದದಡಿಗೆ ತಂದೆ,
ಅಲ್ಲಿಂದ ಹಿಂದಕ್ಕೆ ಸೊಂಟ ಸಣ್ಣಗೆ, ಬಾಲಕ್ಕೆ ಮೂರು ರೆಕ್ಕೆ,
ಅಂಚು ಚಪಾತಿಯ ಅಂಚಿಗಿಂತ ಸ್ವಲ್ಪ ದಪ್ಪ.
ನೂರ ಎಂಟು ಲೀಟರು. ಏಳಡಿ ಹನ್ನೊಂದು.
ಹುಬ್ಬಿನ ಮೇಲೆ, ಹಲ್ಲಿನ ಸಂದಿಯಲ್ಲಿ, ಚಹಾದಲ್ಲಿ
ಅಕ್ಕಿಹಿಟ್ಟಿನಂಥ ಬಿಳಿ ಧೂಳು.

ಜುಲೈ, ಮಂಗಳವಾರ. ದಡವೇ ಕಾಣದ ಜಿಡ್ಡು ಮಂಜು.
ಎಡಕ್ಕೆ ಒಡೆಯುವ ಅಲೆ ಒಂದು, ಆಳೆತ್ತರದ್ದು.
ಹುಟ್ಟು ಮೂರು ಸಲ ಮೀಟಿದ್ದು ಕೇಳಿಸಿತು.
ಆಮೇಲೆ ಅವಳು, ಕೆಟ್ಟ ಕಾಲು ಹಿಂದಿಟ್ಟು,
ಹುಟ್ಟನ್ನು ನೀರಿಗೆ ನೆಟ್ಟು ಅದರ ಸುತ್ತ
ಹಲಗೆಯನ್ನು ಗಿರ್ರನೆ—
ಎಷ್ಟು ಬೇಗ ತಿರುಗಿತೆಂದರೆ
ಅದು ಒಂದು ಕಡೆ, ಇವಳು ಒಂದು ಕಡೆ.

ನೊರೆಯಿಂದ ತಲೆ ಎದ್ದಿತು.
"ಬಸ್ಸಲ್ಲ ಇದು, ಕತ್ತೆ!" ಎಂದು ಕೂಗಿದಳು,
ಉಪ್ಪು ಉಗುಳುತ್ತ, ನಗುತ್ತ,
ಮತ್ತೆ ಹತ್ತಿ ಮಂಜಿನೊಳಕ್ಕೆ ಹೊರಟಳು.

ಎಂಟಡಿ ಆರು ಈಗ ಅವಳ ಅಂಗಡಿಯ ಕಟ್ಟೆ;
ಮೇಲೆ ಬಂಗುಡೆ ಹರಡಿರುತ್ತದೆ.
ದುಡ್ಡು ಇನ್ನೂ ಕೊಟ್ಟಿಲ್ಲ.
ಶನಿವಾರ ಬಂದು, ಎರಡು ಕಿಲೋ ಮೀನು ಇಟ್ಟು,
ಬಾಲ ತೋರಿಸಿ ಕೇಳಿದಳು:
"ಇಲ್ಲಿ ಇನ್ನೊಂದು ಅಂಗುಲ ತೆಗೆಯಬಹುದಾ?"